ಕುದಿಸಿದ ನಕ್ಷೆ

ನನಗೆ ನೆಗಡಿಯಾದರೆ ಮನೆಯವರು ಕಾಗದದ ಕರವಸ್ತ್ರದ ಡಬ್ಬ ತಂದು ಮುಂದಿಡುತ್ತಾರೆ. ಒಳ್ಳೆಯದೇ. ಒಂದು ಸಲ ಒರೆಸಿ ಬಿಸಾಡಿದರಾಯಿತು, ಒಗೆಯುವ ರಗಳೆಯಿಲ್ಲ. ಆದರೆ ನನ್ನ ಮೂಗಿಗೆ ಅದು ಒಗ್ಗಿಲ್ಲ. ಎರಡೇ ದಿನಕ್ಕೆ ತುದಿ ಕೆಂಪಾಗಿ ಉರಿಯತೊಡಗುತ್ತದೆ. ಆಗ ನಾನು ಮೆಲ್ಲಗೆ ಎದ್ದು, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಬಚ್ಚಿಟ್ಟಿರುವ ಒಂದು ಬಿಳಿಯ ಚೌಕವನ್ನು ತೆಗೆದು ಮೂಗಿಗೆ ತಾಗಿಸಿ ನೋಡುತ್ತೇನೆ. ಒರೆಸಿಕೊಳ್ಳುವುದಿಲ್ಲ. ಸುಮ್ಮನೆ ತಾಗಿಸಿ, ಮತ್ತೆ ಮಡಿಸಿ ಇಡುತ್ತೇನೆ. ಅರವತ್ತು ವರ್ಷ ದಾಟಿದ ಬಟ್ಟೆ ಅದು. ಅಷ್ಟು ಮೃದುವಾದದ್ದು ಆಮೇಲೆ ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ಅದು ಬಟ್ಟೆ ಅಂಗಡಿಯದಲ್ಲ. ಅದೊಂದು ಊರಿನ ನಕ್ಷೆ.

ಮುದುಕಿಗೆ ಅರುಳುಮರುಳು ಎಂದುಕೊಳ್ಳಬೇಡಿ, ಹೇಳುತ್ತೇನೆ. ನಮ್ಮಪ್ಪ ಹೊಸ ಬಡಾವಣೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಆಗೆಲ್ಲ ನಕ್ಷೆ ಬರೆಯುತ್ತಿದ್ದುದು ಟ್ರೇಸಿಂಗ್ ಬಟ್ಟೆಯ ಮೇಲೆ. ತೆಳುವಾದ ಬಟ್ಟೆಗೆ ಗಂಜಿ ತುಂಬಿಸಿ, ಮೆರುಗು ಕೊಟ್ಟು, ಕೆಳಗಿಟ್ಟ ಗೆರೆ ಮೇಲಕ್ಕೆ ಕಾಣುವಂತೆ ಮಾಡಿದ ನಸುನೀಲಿ ಬಟ್ಟೆ. ಅದರ ಮೇಲೆ ಅಪ್ಪ ಇಂಡಿಯನ್ ಇಂಕಿನಲ್ಲಿ ಹೊಲ, ಬಾವಿ, ಬೇಲಿ, ಮರ ಎಲ್ಲವನ್ನೂ ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಹೊಲ ಹೋಗಿ ಸೈಟುಗಳಾದ ಮೇಲೆ ಹೊಲದ ನಕ್ಷೆ ಯಾರಿಗೆ ಬೇಕು? ಕಚೇರಿಯವರು ಅಂಥವನ್ನು ಕಟ್ಟು ಕಟ್ಟಿ ಮೂಲೆಗೆ ಎಸೆಯುತ್ತಿದ್ದರು. ಅಪ್ಪ ಕೇಳಿಕೊಂಡು ಮನೆಗೆ ತರುತ್ತಿದ್ದರು. ಅಮ್ಮ ಅದನ್ನು ಬಚ್ಚಲುಮನೆಯ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುತ್ತಿದ್ದಳು. ಗಂಜಿಯೂ ಇಂಕೂ ಬಿಟ್ಟು ನೀರು ಮಸಿಯಾಗುತ್ತಿತ್ತು. ಎರಡು ಮೂರು ನೀರು ಬದಲಾಯಿಸಿ ಹಿಂಡಿ ಒಣಗಿಸಿದರೆ, ಅಂಗೈಯಲ್ಲಿ ಹಿಡಿದದ್ದೇ ಗೊತ್ತಾಗದಂಥ ಮಲ್ಲು ಬಟ್ಟೆ ಕೈಗೆ ಬರುತ್ತಿತ್ತು.

ಸಂಜೆ ಅಪ್ಪ ಮನೆಗೆ ಬಂದರೆ ಅಮ್ಮನ ವರದಿ ಹೀಗಿರುತ್ತಿತ್ತು: "ಇವತ್ತು ಬಿಳೇಕಹಳ್ಳಿ ಕುದಿಸಿದೆ ಕಣ್ರೀ, ಹುಳಿಮಾವು ನಾಳೆಗೆ ಇಟ್ಟಿದೀನಿ." ಹುಳಿಮಾವಿನ ಕೆರೆ ನನ್ನ ಲಂಗದ ಒಳಪದರವಾಯಿತು. ನನ್ನ ತಮ್ಮ ಬಿಳೇಕಹಳ್ಳಿಯಲ್ಲಿ ಮೂಗು ಒರೆಸಿಕೊಂಡು ಬೆಳೆದ. ಬಸವನಗುಡಿಯ ಅತ್ತೆ ಬಂದಾಗ ಅರ್ಧ ಡಜನ್ ಕರವಸ್ತ್ರ ಮಡಿಸಿ ಕೊಟ್ಟರೆ ಆಕೆ ಇದ್ಯಾವ ಮಿಲ್ಲಿನದು ಎಂದು ಕೇಳುತ್ತಿದ್ದಳು. ಅಮ್ಮ ಗುಟ್ಟು ಬಿಡುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ಜಯನಗರ ಅದು. ಬ್ಲಾಕು, ಮೇನು, ಕ್ರಾಸು ಎಂದು ಅಂಕಿಗಳಿದ್ದವೇ ಹೊರತು ಅವುಗಳ ಮೇಲೆ ಮನೆಗಳು ಅಷ್ಟಾಗಿ ಇರಲಿಲ್ಲ. ನಮ್ಮ ಕ್ರಾಸಿನಲ್ಲಿ ಇದ್ದದ್ದು ಏಳು ಮನೆ, ಮಿಕ್ಕಿದ್ದು ಲಂಟಾನದ ಪೊದೆ. ರಸ್ತೆಗೆ ಜಲ್ಲಿ ಹಾಕಿದ್ದರು, ಟಾರು ಬಂದಿರಲಿಲ್ಲ. ಕ್ರಾಸಿನ ತುದಿಯಲ್ಲಿ ಒಡೆಯಲು ಪುರುಸೊತ್ತಾಗದೆ ಬಿಟ್ಟಿದ್ದ ಒಂದು ದೊಡ್ಡ ಬಂಡೆ. ಕತ್ತಲಾದರೆ ಅದರ ಆಚೆ ನರಿ ಕೂಗುತ್ತಿತ್ತು. ಪೇಟೆಯ ನೆಂಟರು ನಮ್ಮನ್ನು ವನವಾಸಕ್ಕೆ ಹೋದವರೆಂದೇ ಲೆಕ್ಕ ಹಾಕಿದ್ದರು.

ವನವಾಸದಲ್ಲಿ ಋಷಿಗಳಿಗೆ ಕೊರತೆಯೇ? ನಮ್ಮ ಜಗಲಿಯಲ್ಲಿ ಪ್ರತಿ ಭಾನುವಾರ ಎಣ್ಣೆನೀರಿನ ಸ್ನಾನ ಮುಗಿದ ಮೇಲೆ ಸಭೆ ಸೇರುತ್ತಿತ್ತು. ಸದಸ್ಯರು ಅಪ್ಪ ಮತ್ತು ಎದುರು ಮನೆಯ ನಿವೃತ್ತ ಮೇಷ್ಟ್ರು. ನಾನು ಕಂಬಕ್ಕೊರಗಿ ಕೂರುವ ಪ್ರೇಕ್ಷಕಿ. ವಿಷಯ ಒಂದೇ, ವಾರವಾರವೂ ವೇಷ ಬೇರೆ: ನಿಜ ಎಂದರೇನು? ಒಂದೇ ಕಾಫಿ ಅಪ್ಪನಿಗೆ ಸಿಹಿ, ಮೇಷ್ಟ್ರಿಗೆ ಸಪ್ಪೆ. ಹಾಗಾದರೆ ಕಾಫಿ ಹೇಗಿದೆ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಪರಾಂಬರಿಸುವುದಾದರೂ ಈ ಕಣ್ಣಿನಿಂದಲೇ ಅಲ್ಲವೇ? ಹೀಗೆ. ಸೋಲುವ ಹಂತಕ್ಕೆ ಬಂದವರು "ಅದು ಅವರವರ ದೃಷ್ಟಿ ಬಿಡಿ" ಎನ್ನಬೇಕು, ಅಲ್ಲಿಗೆ ಚರ್ಚೆ ಮುಗಿಯಿತು. ಅಡುಗೆಮನೆಯಲ್ಲಿದ್ದ ಅಮ್ಮ ಆ ಮಾತು ಕಿವಿಗೆ ಬಿದ್ದ ಕೂಡಲೇ ಹಾಲನ್ನು ಒಲೆಗೆ ಇಡುತ್ತಿದ್ದಳು.

ಅಪ್ಪನಂಥ ಸಂಶಯಗಾರರನ್ನು ನಾನು ಆಮೇಲೆ ಪುಸ್ತಕಗಳಲ್ಲೂ ಕಾಣಲಿಲ್ಲ. ಮಳೆ ಬರುತ್ತಿದೆಯಾ ಎಂದು ಅಮ್ಮ ಕೇಳಿದರೆ ಕಿಟಕಿಯಿಂದ ಕೈ ಹೊರಗೆ ಚಾಚಿ, ಒದ್ದೆಯಾದ ಕೈಯನ್ನು ನೋಡಿಕೊಂಡು, "ಬರ್ತಾ ಇರಬಹುದು" ಎನ್ನುವವರು. ಇದು ವೃತ್ತಿಯಿಂದ ಬಂದ ಗುಣ ಎಂದು ನನ್ನ ಅನುಮಾನ. ಎಷ್ಟು ತಪ್ಪು ಗೆರೆಗಳನ್ನು ಬ್ಲೇಡಿನಲ್ಲಿ ಕೆರೆದು ಅಳಿಸಿದ್ದೇನೆ ಎಂಬುದು ನಕ್ಷೆ ಬರೆದವನಿಗೆ ಮಾತ್ರ ಗೊತ್ತಿರುತ್ತದೆ.

ಇದರ ಮೇಲೆ ನಾನು ಬಿ.ಎ.ಗೆ ತತ್ತ್ವಶಾಸ್ತ್ರ ತೆಗೆದುಕೊಂಡೆ. ಮೊದಲೇ ಮರ್ಕಟ, ಮೇಲೆ ಮದ್ಯಪಾನ. ಹದಿನೆಂಟನೆಯ ವಯಸ್ಸಿಗೆ, ಜಗತ್ತಿನಲ್ಲಿ ಯಾವುದೂ ನಿಶ್ಚಯವಿಲ್ಲ ಎಂಬುದೊಂದೇ ನನಗೆ ನಿಶ್ಚಯವಾಗಿ ಗೊತ್ತಿದ್ದದ್ದು. ಒಂದು ದಿನ ಹಾಲಿನ ಪಾತ್ರೆಗೆ ಮೊಣಕೈ ತಾಗಿಸಿ ಬೀಳಿಸಿದೆ. ಅಮ್ಮ ಬೈಯಲು ಬಂದರೆ, ಚೆಲ್ಲಿದೆ ಎನ್ನುವುದು ನಿನ್ನ ಅನುಭವ ಅಷ್ಟೇ ಅಮ್ಮ ಎಂದೆ. ಅಮ್ಮ ಮೂಲೆಯ ಬಟ್ಟೆ ತೋರಿಸಿ, "ಒರೆಸೋದು ನಿನ್ನ ಅನುಭವ ಆಗ್ಲಿ" ಎಂದಳು.

ಪಿಳ್ಳಮ್ಮನ ಮಾತಿಗೆ ಬರದೆ ಇಷ್ಟು ದೂರ ಎಳೆದೆ. ಬೇಕೆಂದೇ ಎಳೆದಿರಬೇಕು.

ಪಿಳ್ಳಮ್ಮ ವಾರಕ್ಕೆರಡು ಸಲ ಚಿಕ್ಕಲಸಂದ್ರದಿಂದ ಸೊಪ್ಪಿನ ಮಂಕರಿ ಹೊತ್ತು ಬರುತ್ತಿದ್ದಳು. ಅಮ್ಮನಿಗಿಂತ ಹಿರಿಯಳು, ಆದರೂ ಮನೆಯ ರೂಢಿಯಂತೆ ನಾನೂ ಅವಳನ್ನು ನೀನು ಎಂದೇ ಮಾತಾಡಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಕ್ರಾಸು ಇರುವ ಜಾಗವೆಲ್ಲ ಒಂದು ಕಾಲದಲ್ಲಿ ಅವಳ ಗಂಡನ ರಾಗಿ ಹೊಲ. ಬಡಾವಣೆಗೆ ಹೊಲ ಹೋಯಿತು, ಸ್ವಲ್ಪ ದಿನಕ್ಕೆ ಗಂಡನೂ ಹೋದ, ಅವಳು ಅಣ್ಣನ ಮನೆ ಸೇರಿದಳು. ಇದನ್ನೆಲ್ಲ ಅವಳು ಕೊತ್ತಂಬರಿ ಕಟ್ಟು ಎಣಿಸಿ ಕೊಡುತ್ತಲೇ ಹೇಳಿದ್ದಳು, ದೂರಿನ ದನಿಯಲ್ಲಲ್ಲ. ದನಿ ತಗ್ಗುತ್ತಿದ್ದುದು ಒಂದೇ ಮಾತಿಗೆ. ಆ ಹೊಲದಲ್ಲಿ ಅವಳ ಮೂರು ವರ್ಷದ ಮಗಳನ್ನು ಮಣ್ಣು ಮಾಡಿದ್ದರು. ಅವರ ಕಡೆ ಸತ್ತವರನ್ನು ತಮ್ಮ ಹೊಲದಲ್ಲೇ ಹೂಳುವುದು, ಮಹಾಲಯ ಅಮಾವಾಸ್ಯೆಗೆ ಅಲ್ಲಿಗೇ ಹೋಗಿ ಎಡೆ ಇಡುವುದು ಪದ್ಧತಿ. ಮಗುವಿನ ಮೇಲೆ ಮೂರು ಕಲ್ಲು ಇಟ್ಟಿದ್ದರಂತೆ. ನೆಲ ಮಟ್ಟ ಮಾಡುವವರು ಬಂದು ಹೋದ ಮೇಲೆ ಕಲ್ಲೂ ಇಲ್ಲ, ಪಕ್ಕದ ಹೊಂಗೆ ಮರವೂ ಇಲ್ಲ, ಬಾವಿಯೂ ಇಲ್ಲ. ಸುಣ್ಣದಲ್ಲಿ ಎಳೆದ ನೇರ ಗೆರೆಗಳು ಮಾತ್ರ ಇದ್ದವಂತೆ.

ನಮ್ಮ ಮನೆಗೆ ಬರತೊಡಗಿದ ಮೊದಲ ವರ್ಷ ಅವಳು ಅಮ್ಮನ ಒಪ್ಪಿಗೆ ಪಡೆದು ನಮ್ಮ ಕಾಂಪೌಂಡಿನ ದಾಸವಾಳದ ಬುಡದಲ್ಲಿ ಎಡೆ ಇಟ್ಟಳು. ಇಲ್ಲೇ ಇರಬೇಕು ಅಂತ ಅನ್ನಿಸುತ್ತದೆ ಎಂದಳು. ಮರುವರ್ಷ ಅಲ್ಲ, ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಎಂದಳು. ಅಮ್ಮ ಅವತ್ತು ಬಟ್ಟೆ ಒಗೆಯಲಿಲ್ಲ. ಮೂರನೆಯ ವರ್ಷ ಅಮಾವಾಸ್ಯೆಗೆ ತಿಂಗಳಿರುವಾಗಲೇ ಪಿಳ್ಳಮ್ಮನಿಗೆ ಚಿಂತೆ ಹತ್ತಿತು. ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನ ಮುಂದೆ ಮಂಕರಿ ಇಳಿಸಿ, ಓದಿದವಳು ನೀನು, ಎಲ್ಲಿ ಅಂತ ಹೇಗೆ ತಿಳಿಯೋದು ಹೇಳು ಎಂದು ಕೇಳಿದಳು.

ಅವಳು ಕೇಳಿದ್ದು ದಾರಿ. ನಾನು ಕೊಟ್ಟದ್ದು ಪಾಠ. ಹಿಂದಿನ ದಿನವಷ್ಟೇ ಕಾಲೇಜಿನಲ್ಲಿ ಬರೆದುಕೊಂಡಿದ್ದನ್ನು ತಿಳಿಗನ್ನಡಕ್ಕೆ ಇಳಿಸಿ, ಬಹಳ ಕರುಣೆಯಿಂದ ಹೇಳಿದೆ:

"ನೋಡು ಪಿಳ್ಳಮ್ಮ, ನಿನ್ನ ಮನಸ್ಸಿಗೆ ಎಲ್ಲಿ ಅನ್ಸುತ್ತೋ ಅದೇ ನಿಜ. ನಿನಗೆ ಅದು ನಿಜ ಆದ್ರೆ ಸಾಕು."

ಪಿಳ್ಳಮ್ಮ ತಲೆಯ ಸಿಂಬಿ ಸರಿಮಾಡಿಕೊಂಡಳು.

"ನಂಗೆ ಎಲ್ಲಾ ಕಡೇನೂ ಅನ್ಸುತ್ತೆ ಅಮ್ಮಣ್ಣಿ," ಎಂದಳು. "ಮಗಾ ಇರೋದು ಒಂದೇ ಕಡೆ ಅಲ್ವಾ?"

ಮಂಕರಿಯನ್ನು ತಲೆಗೆ ಏರಿಸಿಕೊಂಡು ಹೊರಟುಹೋದಳು. ನಾನು ಪುಸ್ತಕದ ಅದೇ ಸಾಲನ್ನು ಎಷ್ಟೋ ಸಲ ಓದಿದೆ. ಆ ಪುಟ ಮುಂದೆ ಹೋಗಲೇ ಇಲ್ಲ.

ಭಾನುವಾರದ ಸಭೆಯಲ್ಲಿ ಇದನ್ನು ನಾನೇ ಹೇಳಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಿರಲಿಲ್ಲ, ಅದಕ್ಕೇ ತಮಾಷೆಯ ದನಿ ತಂದುಕೊಂಡು ಹೇಳಿದೆ. ಮೇಷ್ಟ್ರು ತೊಡೆ ತಟ್ಟಿಕೊಂಡು ಭಲೇ ಎಂದರು. ಅನುಭವ ಅನೇಕ, ವಸ್ತು ಒಂದು ಎಂದು ಮುದುಕಿ ಎಷ್ಟು ಸರಳವಾಗಿ ಹೇಳಿಬಿಟ್ಟಳು ನೋಡಿ ಎಂದು ಶುರು ಮಾಡಿದವರು, ಅದರ ವಿರುದ್ಧ ಪಕ್ಷವನ್ನೂ ತಾವೇ ಹಿಡಿದು ಅರ್ಧ ಗಂಟೆ ಮಾತಾಡಿದರು. ಕೊನೆಗೆ ಮೇಷ್ಟ್ರೇ ಅದು ಅವರವರ ದೃಷ್ಟಿ ಬಿಡಿ ಎಂದರು, ಅಮ್ಮ ಕಾಫಿ ತಂದಳು. ಅಪ್ಪ ಲೋಟವನ್ನು ಮುಟ್ಟದೆ ಎದ್ದು ಒಳಗೆ ಹೋದರು. ಆ ಹೊಲದ ನಕ್ಷೆ ಬರೆದವರು ಅವರೇ ಎಂಬುದು ನಮಗೆ ತಿಳಿದದ್ದು, ಅಮ್ಮ ಹಿಂದೆಯೇ ಹೋಗಿ ಕೇಳಿದಾಗ.

ಮಾರನೆಯ ದಿನ ಅವರು ಕಚೇರಿಯಲ್ಲಿ ಆ ನಕ್ಷೆ ಹುಡುಕಿದರು. ದಾಖಲೆ ನೋಡಿಕೊಳ್ಳುವ ಗುಮಾಸ್ತ ಹಳೆಯ ಪಟ್ಟಿ ತಿರುವಿ ನೋಡಿ, ಅದನ್ನು ನೀವೇ ಮನೆಗೆ ಒಯ್ದಿರಲ್ಲ ಸಾರ್ ಎಂದನಂತೆ.

ಆ ಸಂಜೆ ನಮ್ಮ ಹಜಾರದಲ್ಲಿ ನಡೆದದ್ದು ನೋಡಿದವರಿಗೆ ನಗು ಬರಬೇಕು. ಟ್ರಂಕಿನಲ್ಲಿದ್ದ ಕರವಸ್ತ್ರಗಳನ್ನೆಲ್ಲ ನೆಲಕ್ಕೆ ಹರವಿ, ನಾವು ನಾಲ್ಕು ಜನ ಮಂಡಿಯೂರಿ ಕೂತು, ಯಾವ ಚೌಕದ ಅಂಚು ಯಾವುದಕ್ಕೆ ಕೂಡುತ್ತದೆ ಎಂದು ನೋಡಿದೆವು. ಅಮ್ಮ ಹಾಕಿದ ಹೊಲಿಗೆ ಬಿಚ್ಚಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದೆವು. ಗೆರೆಯಿಲ್ಲ, ಅಕ್ಷರವಿಲ್ಲ, ಬಾವಿಯಿಲ್ಲ. ಒಂದರ ಮೂಲೆಯಲ್ಲಿ ಬೂದು ಬಣ್ಣದ ಚುಕ್ಕೆ ಇತ್ತು. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ತಮ್ಮ ಅದು ತನ್ನ ಪೆನ್ನಿನ ಇಂಕು ಎಂದು ಒಪ್ಪಿಕೊಂಡ. ಅಮ್ಮ ಹೊಸ್ತಿಲಿಗೆ ಹೋಗಿ ಕೂತಳು. ಕುದಿಸುವ ಮುಂಚೆ ಒಂದು ಮಾತು ಕೇಳಬೇಕಿತ್ತು ಎಂದಳು. ತಂದುಕೊಟ್ಟವನು ನಾನು ಎಂದರು ಅಪ್ಪ. ಆಮೇಲೆ ನಮ್ಮ ಮನೆಯಲ್ಲಿ ಯಾವ ಊರನ್ನೂ ಕುದಿಸಲಿಲ್ಲ.

ಅಪ್ಪ ಮೂರು ಸಂಜೆ ಕೂತು, ಆ ನಕ್ಷೆಯನ್ನು ನೆನಪಿನಿಂದ ಪೆನ್ಸಿಲಿನಲ್ಲಿ ಬರೆದರು. ಬಂಡೆ, ಬಾವಿ, ಹೊಂಗೆ ಮರ, ಮರದ ಪಕ್ಕ ಅಕ್ಕಿ ಕಾಳಿನಷ್ಟು ಸಣ್ಣದೊಂದು ಚೌಕ. ಟ್ರೇಸ್ ಮಾಡುವಾಗ ಇದೇನಿರಬಹುದು ಎಂದು ಯೋಚಿಸಿದ್ದು ನೆನಪಿದೆ, ಯಾರನ್ನೂ ಕೇಳಲಿಲ್ಲ ಎಂದರು. ಒಂದು ಬೆಳಿಗ್ಗೆ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ಬಂಡೆಯ ಹತ್ತಿರ ನಿಲ್ಲಿಸಿ, ಅಳೆಯುತ್ತಾ ಬಂದು, ರಸ್ತೆಯ ಮೇಲೊಂದು ಜಾಗದಲ್ಲಿ ಇಟ್ಟಿಗೆ ಚೂರಿನಿಂದ ಗುರುತು ಹಾಕಿದರು. ನಮ್ಮ ಕಾಂಪೌಂಡು ಅಲ್ಲವೇ ಅಲ್ಲ. ಮೂರು ಮನೆ ಆಚೆ, ರಸ್ತೆಯ ನಡುಮಧ್ಯ. ಆದರೂ ಅವರಿಗೆ ಸಮಾಧಾನವಿಲ್ಲ. ಎಂಟು ವರ್ಷದ ಹಿಂದಿನ ನೆನಪು, ನನ್ನೊಬ್ಬನದೇ, ಅದನ್ನು ನಂಬಿ ಹೆತ್ತವಳಿಗೆ ಹೇಗೆ ತೋರಿಸಲಿ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು.

ಮುಂದೆ ನಾನೂ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನೇ ಕಲಿಸಿದೆ. ಪ್ರತಿ ವರ್ಷವೂ ಒಬ್ಬ ಜಾಣ ಹುಡುಗನೋ ಹುಡುಗಿಯೋ ಎದ್ದು, ನಿಜ ಅಂದ್ರೆ ಯಾರಿಗೆ ನಿಜ ಮೇಡಂ ಎಂದು ಕೇಳುವುದಿತ್ತು. ಎರಡೂ ಪಕ್ಷವನ್ನು ಸಮವಾಗಿ ತೂಗಿ ಪಾಠ ಹೇಳುತ್ತಿದ್ದೆ, ಬೆಲ್ಲು ಹೊಡೆಯುತ್ತಿತ್ತು. ಪಿಳ್ಳಮ್ಮನ ಮಾತನ್ನು ಮಾತ್ರ ಎಂದೂ ಹೇಳಲಿಲ್ಲ. ಹೇಳಿದರೆ ದನಿ ನಡುಗುತ್ತದೆ, ದನಿ ನಡುಗಿದರೆ ಅದು ವಾದವಲ್ಲ ಎಂದುಬಿಡುತ್ತಾರೆ. ಈಗ ಜೆ.ಪಿ. ನಗರದ ಮೂರನೆಯ ಮಹಡಿಯಲ್ಲಿ ಕೂತಿದ್ದೇನೆ. ಮೊನ್ನೆ ಆಟೋ ಮಾಡಿಕೊಂಡು ನಮ್ಮ ಹಳೆಯ ಕ್ರಾಸಿಗೆ ಹೋಗಿದ್ದೆ. ಎರಡೂ ಬದಿ ಕಾರುಗಳು ನಿಂತು ರಸ್ತೆಯೇ ಕಾಣುವುದಿಲ್ಲ. ಬಂಡೆ ಇದ್ದಲ್ಲಿ ಬ್ಯಾಂಕು. ಜಗಲಿ ಇಲ್ಲ, ಮೇಷ್ಟ್ರಿಲ್ಲ, ಹಾಲು ಒಲೆಗಿಡುವ ಅಮ್ಮನಿಲ್ಲ. ಎಷ್ಟು ಆಸೆಯಾಯಿತು ಗೊತ್ತೇ, ಅಪ್ಪ ನಮ್ಮ ಮನೆ ಇದ್ದ ಕಡೆಯ ಗೇಟಿನಿಂದ ಹೊರಗೆ ಬಂದು ಏನಾದರೊಂದು ಅನುಮಾನದ ಮಾತು ಆಡಲಿ ಎಂದು. ಆಟೋದವನು ಅಡ್ರೆಸ್ಸು ಮರೆತುಹೋಯ್ತಾ ಅಮ್ಮ ಎಂದು ಕೇಳಿದ. ಹೌದಪ್ಪ ಎಂದೆ.

ಅಪ್ಪ ರಸ್ತೆಯಲ್ಲಿ ಗುರುತು ಹಾಕಿದ ಆ ವರ್ಷದ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಪಿಳ್ಳಮ್ಮ ಬಾಳೆಲೆ, ಅನ್ನ, ಒಂದು ತುಂಡು ಬೆಲ್ಲ ಗಂಟು ಕಟ್ಟಿಕೊಂಡು ಬಂದಳು. ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದರು. ತಾವು ಹಾಕಿದ ಗುರುತಿನ ಸುದ್ದಿ ಎತ್ತಲಿಲ್ಲ. ಹೊಲ ಇದ್ದಾಗ ಮನೆಯಿಂದ ಆ ಮರದವರೆಗೆ ಹೇಗೆ ಬರುತ್ತಿದ್ದೆ ಎಂದು ಮಾತ್ರ ಕೇಳಿದರು. ಎಷ್ಟು ದೂರ ಎಂದರೆ ಅವಳಿಗೆ ಗೊತ್ತಿಲ್ಲ. ಗಜ, ಹೆಜ್ಜೆ ಯಾವ ಲೆಕ್ಕವೂ ಇಲ್ಲ. ಬಂಡೆ ದಾಟಿದ ಮೇಲೆ ಒಂದು ಪದ ಮುಗಿಯೋ ಅಷ್ಟು ದೂರ ಎಂದಳು. ಗಂಡನಿಗೆ ಹಿಟ್ಟು ಒಯ್ಯುವಾಗ ಮಗು ಅಳದಿರಲಿ ಎಂದು ಬಂಡೆಯ ಹತ್ತಿರ ಹಾಡು ಹಿಡಿಯುತ್ತಿದ್ದಳಂತೆ. ಕೊನೆಯ ಸಾಲಿಗೆ ಸರಿಯಾಗಿ ಹೊಂಗೆ ಮರ ಬರುತ್ತಿತ್ತಂತೆ.

"ಅಲ್ಲೇ ಮಗೀನ ಇಳಿಸ್ತಿದ್ದೆ ಸಾಮಿ. ಆಮ್ಯಾಕೆ ಅಲ್ಲೇ ಮಲಗಿಸ್ದೆ."

ಈಗ ಹಾಡಿಕೊಂಡು ನಡೆದು ನೋಡೋಣ ಎಂದರು ಅಪ್ಪ. ಪಿಳ್ಳಮ್ಮ ಒಪ್ಪಲಿಲ್ಲ. ದೊಡ್ಡವರ ಮನೆಗಳ ಮುಂದೆ ಬೀದಿಯಲ್ಲಿ ಹಾಡಿದರೆ ನಗುತ್ತಾರೆ ಎಂದಳು. ನಾನೂ ಜೊತೆಗೆ ಬರುತ್ತೇನೆ ಎಂದು ಅಪ್ಪ ಚಪ್ಪಲಿ ಮೆಟ್ಟಿದರು.

ಬಂಡೆಯ ಬುಡದಿಂದ ಅವಳು ಹೊರಟಳು. ಮೊದಲ ಸಾಲು ಕೇಳಿಸಲೇ ಇಲ್ಲ, ತುಟಿ ಮಾತ್ರ ಆಡುತ್ತಿತ್ತು. ಆಮೇಲೆ ದನಿ ಬಂತು. ಸಣ್ಣ, ಒಡೆದ ದನಿ. ಅವಳ ಹಿಂದೆ ಪಂಚೆ ಎತ್ತಿ ಕಟ್ಟಿದ ಅಪ್ಪ, ಅವರ ಹಿಂದೆ ನಾನು, ಅಮ್ಮ, ಕೊನೆಯಲ್ಲಿ ಮೇಷ್ಟ್ರು. ಜಲ್ಲಿಯ ಮೇಲೆ ಅವಳ ಬರಿಗಾಲು ಕಲ್ಲು ನೋಡಿಕೊಂಡು ಇಳಿಯುತ್ತಿರಲಿಲ್ಲ, ಹಾಡು ನೋಡಿಕೊಂಡು ಇಳಿಯುತ್ತಿತ್ತು. ಎರಡು ಮನೆಯ ಕಿಟಕಿ ತೆರೆದವು. ಯಾರೂ ನಗಲಿಲ್ಲ. ಇಟ್ಟಿಗೆಯ ಗುರುತು ಹತ್ತಿರ ಬರುತ್ತಿದ್ದ ಹಾಗೆ ನಾನು ಉಳಿದ ಹೆಜ್ಜೆ ಎಣಿಸತೊಡಗಿದೆ. ಗುರುತಿಗೆ ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಹಾಡು ಮುಗಿಯಿತು, ಪಿಳ್ಳಮ್ಮ ನಿಂತಳು.

ಅಪ್ಪ ಮುಂದೆ ಹೋಗಿ ತಮ್ಮ ಗುರುತನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿದರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕೆಟ್ಟ ಮನುಷ್ಯರಲ್ಲ, ತರ್ಕ ಅವರನ್ನು ಸುಮ್ಮನಿರಗೊಡುತ್ತಿರಲಿಲ್ಲ, ಅಷ್ಟೇ. ಈಗ ನಿನಗೆ ವಯಸ್ಸಾಗಿದೆ ಪಿಳ್ಳಮ್ಮ, ಹಾಡು ಅಷ್ಟೇ ಇದ್ದರೂ ನಡಿಗೆ ನಿಧಾನ, ಹಾಗಾಗಿ ಮರ ಇನ್ನೂ ಮುಂದೆ ಇರಬೇಕಲ್ಲವೇ ಎಂದರು. ನ್ಯಾಯವಾದ ಪ್ರಶ್ನೆ. ನನಗೂ ಅದೇ ಹೊಳೆದಿತ್ತು.

"ಆವಾಗ ಸೊಂಟದ ಮ್ಯಾಲೆ ಮಗಾ ಇರ್ತಿತ್ತು ಸಾಮಿ," ಎಂದಳು ಪಿಳ್ಳಮ್ಮ. "ಆವಾಗ್ಲೂ ಮೆಲ್ಲುಗೇ ನಡೀತಿದ್ದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಅಲ್ಲೇ ಜಲ್ಲಿಯ ಮೇಲೆ ಕೂತು, ಕೈಯಿಂದ ಕಲ್ಲುಗಳನ್ನು ಸರಿಸಿ, ಮಣ್ಣು ಕಂಡ ಮೇಲೆ ಎಲೆ ಹಾಸಿದಳು. ಅನ್ನ ಇಟ್ಟಳು, ಬೆಲ್ಲವನ್ನು ಮಗುವಿನ ಬಾಯಿಗೆ ಹಿಡಿಯುವಷ್ಟು ಸಣ್ಣದಾಗಿ ಮುರಿದಿಟ್ಟಳು. ಅಮ್ಮ ಮನೆಗೆ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

ಅಷ್ಟು ಹೊತ್ತಿಗೆ ಕ್ರಾಸಿನ ಆ ತುದಿಯಿಂದ, ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡ ಒಬ್ಬರು ಆಫೀಸಿಗೆ ತಡವಾದವರಂತೆ ಜೋರಾಗಿ ಸೈಕಲ್ ತುಳಿದುಕೊಂಡು ಬಂದರು. ಅಪ್ಪ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟರು. ಏನಾಯ್ತು ಸಾರ್ ಎಂದು ಅವರು ಬ್ರೇಕು ಹಾಕಿದರು.

"ಇಲ್ಲಿ ಮಗು ಮಲಗಿದೆ," ಎಂದರು ಅಪ್ಪ. "ಆ ಕಡೆಯಿಂದ ಹೋಗಿ."

ಅವರು ಒಮ್ಮೆ ಎಲೆಯನ್ನು ನೋಡಿದರು, ಒಮ್ಮೆ ಪಿಳ್ಳಮ್ಮನನ್ನು ನೋಡಿದರು. ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ಸದ್ದು ಮಾಡದೆ ನಡೆದುಹೋದರು.